ಕೇಳಿಸದ ಅಕ್ಷರ

ಬಡಗಿ ಎದ್ದು ನಿಂತು, ತನ್ನ ಬಗ್ಗೆ ಬರೆದುಕೊಂಡು ಬಂದ ಫ್ರೆಂಚ್ ವಾಕ್ಯವನ್ನು ಓದಿದ: “ಜ ಸ್ವೀ ಫಿಯಾಂಸೇ.”

ಬೋರ್ಡಿನ ಮೇಲೆ ನನ್ನ ಮಾರ್ಕರ್ ಹಾಗೇ ನಿಂತಿತು. ‘ನನಗೆ ಮದುವೆ ಗೊತ್ತಾಗಿದೆ’ ಎಂದು ಅವನ ವಾಕ್ಯದ ಅರ್ಥ.

“ಸರಿ, ಕೂತ್ಕೊಳ್ಳಿ,” ಎಂದೆ. ಟೀಚರಿಗೆ ಅಷ್ಟಾದರೂ ಗಟ್ಟಿತನ ಬೇಡವೇ?

ತಂಗಿಗೆ ಜೊತೆಯಾಗಿ ಸಂಜೆಯ ಕ್ಲಾಸಿಗೆ ಬರುತ್ತಿದ್ದವನು ಅವನು. ಆ ದಿನ ತಂಗಿ ಬಂದಿರಲಿಲ್ಲ. ಹಿಂದಿನ ವಾರ ನಾನು ಹೇಳಿಕೊಟ್ಟಿದ್ದೆ: ನಮ್ಮ ‘ಮುರಿದ’ ಎನ್ನುವ ಮಾತು ಎಲ್ಲದಕ್ಕೂ ಒಂದೇ. ಫ್ರೆಂಚಿನಲ್ಲಿ ಬೆಂಚು ಗಂಡು, ಕುರ್ಚಿ ಹೆಣ್ಣು. ಮುರಿದದ್ದು ಕುರ್ಚಿಯಾದರೆ ಆ ಪದದ ಕೊನೆಗೆ ಇನ್ನೊಂದು e, ಹಲವು ಕುರ್ಚಿಗಳಾದರೆ ಅದರ ಮೇಲೊಂದು s. ಬರೆದಾಗ ಕಾಣುತ್ತವೆ, ಓದಿದಾಗ ಕೇಳಿಸುವುದಿಲ್ಲ.

“ಇಷ್ಟು ವರ್ಷ ರಿಪೇರಿ ಮಾಡಿದೀನಿ ಮೇಡಂ, ಒಂದು ಕುರ್ಚೀನೂ ಈ ವಿಷಯ ಬಾಯಿ ಬಿಡ್ಲಿಲ್ಲ ನೋಡಿ,” ಎಂದಿದ್ದ. ಕ್ಲಾಸೆಲ್ಲ ನಕ್ಕಿತ್ತು. ಅವನು ಮಾತ್ರ ನನ್ನನ್ನೇ ನೋಡುತ್ತಿದ್ದ.

ಈಗ ಎಲ್ಲರೂ ಹೋದ ಮೇಲೆ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟ. ಬೆರಳುಗಳಿಗೆ ಇನ್ನೂ ಮರದ ಪುಡಿ ಮೆತ್ತಿತ್ತು. ಪುಟ ತೆರೆದೆ. ಫಿಯಾಂಸೇ ಪದದ ಬಾಲಕ್ಕೆ ಇನ್ನೊಂದು e ಅಂಟಿಕೊಂಡು ಕೂತಿತ್ತು.

“ನಿಲ್ಲಿ. ಈ ವಾಕ್ಯ ಗಂಡಸಿನದಲ್ಲ.”

“ಅಂದ್ರೆ?”

“ಮದುವೆ ಗೊತ್ತಾದ ಹೆಣ್ಣು ತನ್ನ ಬಗ್ಗೆ ಬರೆದಿರೋದು.”

ಅವನು ಕಿವಿ ಹಿಡಿದುಕೊಂಡ. “ಸಿಕ್ಕಿಬಿದ್ದೆ. ಕೆಲಸ ಜಾಸ್ತಿ ಇತ್ತು, ತಂಗೀದು ನೋಡಿ ಕಾಪಿ ಹೊಡೆದೆ. ಅವಳಿಗೆ ಮೊನ್ನೆ ಗಂಡು ಗೊತ್ತಾಯ್ತು. ಅರ್ಥಾನೂ ನೋಡ್ಲಿಲ್ಲ ನಾನು.”

“ಹಾಗಾದ್ರೆ ನಿಮಗೆ?”

“ಯಾರೂ ಇಲ್ಲ ಮೇಡಂ.”

ಎದೆಯ ಮೇಲಿನ ಕಲ್ಲು ಇಳಿಯಿತು. ಕಾಪಿ ಹೊಡೆದವರನ್ನು ಕಂಡು ಇಷ್ಟು ಖುಷಿಪಟ್ಟ ಟೀಚರ್ ಬೇರೆ ಯಾರೂ ಇರಲಿಕ್ಕಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು.

“ನೀವು ಆ ವಾಕ್ಯ ಓದಿದಾಗ ನನಗೆ ಸಂಕಟ ಆಯ್ತು. ಯಾಕೆ ಅಂತ ನಿಮಗೂ ಗೊತ್ತು ಅಂದ್ಕೊಂಡಿದೀನಿ.”

ಅವನು ತಲೆ ತಗ್ಗಿಸಲಿಲ್ಲ. ಕಣ್ಣಲ್ಲೇ ನಕ್ಕ.

“ಮೊದಲ ದಿನ ಬಂದಿದ್ದು ತಂಗಿಗೋಸ್ಕರ,” ಎಂದ. “ಆಮೇಲೆ ಒಂದು ದಿನಾನೂ ತಪ್ಪಿಸದೆ ಬಂದಿದ್ದು...”

“ವಾಕ್ಯ ಪೂರ್ತಿ ಮಾಡಿ.”

“ನಿಮಗೋಸ್ಕರ.”

ತಿದ್ದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.