ಅಕ್ಸಾ ಬೀಚಿನಲ್ಲಿ ಎಂಟು ದೋಸೆ

ಪಿಸ್ತೂಲು ನನ್ನ ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿತ್ತು. ನನ್ನ ಕೈಯಲ್ಲಿದ್ದದ್ದು ದೋಸೆ ಮಗುಚುವ ಸಟ್ಟುಗ!

ನೀವೇ ಹೇಳಿ, ಯಾರು ಗೆಲ್ಲಬೇಕು?

"ಶೇಖರ, ಆ ನರ್ಸ್ ಎಲ್ಲಿ ಅದಾಳ?" ಎಂದ ಪರಪ್ಪ. ವಿಜಾಪುರದ ಪೈಲ್ವಾನ. ಅಂಧೇರಿಯ ದಾರೂ ಸೇಠ್‌ನ ಬಲಗೈ.

ಸೇಠ್ ಒಬ್ಬನಿಗೆ ಚೂರಿ ಹಾಕಿದ್ದನ್ನು ಸಯನ್ ಆಸ್ಪತ್ರೆಯ ನರ್ಸ್ ವಿನೋದಿನಿ ಕಣ್ಣಾರೆ ಕಂಡಿದ್ದಳು. ನಾಳೆ ಕೋರ್ಟಿನಲ್ಲಿ ಸಾಕ್ಷಿ. ಅಲ್ಲಿಯವರೆಗೆ ಅವಳ ಜೀವಕ್ಕೆ ಖಾಸಗಿ ಪತ್ತೇದಾರನಾದ ನಾನು ಹೊಣೆ. ಅದಕ್ಕೇ ಕ್ಯಾರವಾನ್ ತಂದು ಬೀಚಿನ ಮೇಲ್ದಂಡೆಯಲ್ಲಿ ಬಿಡಾರ ಹೂಡಿದ್ದೆ. ಕ್ಯಾರವಾನ್ ಅಂದರೆ ಹರಾಜಿನಲ್ಲಿ ಕೊಂಡ ಹಳೇ ಮಿಲಿಟರಿ ಆಂಬುಲೆನ್ಸ್. ಒಳಗೆ ಎರಡು ಮಂಚ, ಒಂದು ಸ್ಟೌವ್...

ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ವಿನೋದಿನಿ!

"ಮೀನು ತರ್ಲಿಕ್ಕೆ ಹೋಗಿದ್ದಾಳೆ ಮಾರಾಯ," ಎಂದೆ. "ಹುಡುಕಿದ್ರೆ ಓಡ್ತಾಳೆ. ಕೂತ್ರೆ ತಾನಾಗಿ ಬರ್ತಾಳೆ. ದೋಸೆ ತಿಂತೀಯಾ?"

ಅವನು ಒಳಗೆ ಇಣುಕಿದ. ಮಂಚಗಳು ಖಾಲಿ. ಹಳ್ಳಿಯ ದಾರಿಗೆ ಮುಖ, ಸಮುದ್ರಕ್ಕೆ ಬೆನ್ನು ಮಾಡಿ ಕೂತ.

ಅವನ ಹಿಂದೆ, ಕೆಳಗೆ, ಸೇಠ್‌ನ ಹೊಚ್ಚ ಹೊಸ ಶೆವರ್ಲೆ. ಒದ್ದೆ ಮರಳು ಗಟ್ಟಿಯಿದೆಯೆಂದು ಅಲ್ಲೇ ನಿಲ್ಲಿಸಿದ್ದ.

"ಕಾರು ಅಲ್ಲೇ ಇರ್ಲಿಯಾ?" ಎಂದೆ.

"ಇರವಲ್ದ್ಯಾಕ. ನೀರು ಎಷ್ಟು ದೂರ ಐತಿ ನೋಡು."

ಬಯಲುಸೀಮೆಯವನಿಗೆ ನೀರೆಂದರೆ ಕೆರೆ. ಬಿಟ್ಟಲ್ಲೇ ಇರುತ್ತದೆ. ನಾನು ಮಲ್ಪೆಯವನು. ಅಂದು ಹುಣ್ಣಿಮೆ. ಬೆಳಗಿನ ಒಂಬತ್ತೂವರೆ. ಇನ್ನೊಂದು ತಾಸಿಗೆ ಭರತದ ನೀರು ಎಲ್ಲಿಗೆ ಏರುತ್ತದೆಂದು ನಮ್ಮೂರಲ್ಲಿ ಕೂಸಿಗೂ ಗೊತ್ತು.

ಸಣ್ಣ ಉರಿ ಇಟ್ಟೆ. ನಾನು ಹುಯ್ದೆ. ಅವನು ತಿಂದ. ಮತ್ತೆ ಹುಯ್ದೆ... ಹಿಟ್ಟಿನ ಪಾತ್ರೆಯ ತಳ ಕಂಡಾಗ ಇನ್ನಷ್ಟು ತೆಳ್ಳಗೆ ಹುಯ್ದೆ.

ಎಂಟನೇ ದೋಸೆ. ಪೆಟ್ಟಿಗೆಯಿಂದ ಒಂದು ಕೆಮ್ಮು!

ಪರಪ್ಪ ಎದ್ದ. ಪಿಸ್ತೂಲೂ ಎದ್ದಿತು. "ಮೀನು ಕೆಮ್ಮತಾವೇನ್ಲೇ?"

"ಹಿಂದೆ ನೋಡು ಪರಪ್ಪ."

"ಹಳೇ ಆಟ ಬ್ಯಾಡ."

"ಆಟ ಅಲ್ಲ ಮಾರಾಯ. ಕಾರು ಹೊರಟಿತು."

ಧಡ್! ಅಲೆ ಕಾರಿನ ಬಾಗಿಲಿಗೆ ಬಡಿಯಿತು. ಅವನು ತಿರುಗಿದ. ಶೆವರ್ಲೆಯ ಕಿಟಕಿಯವರೆಗೆ ನೀರು.

"ಯವ್ವಾ... ಸೇಠ್ ನನ್ನ ಜೀವಂತ ಬಿಡಂಗಿಲ್ಲ."

ಪಿಸ್ತೂಲಿನ ಸಮೇತ ನೀರಿಗಿಳಿದ. ನಾನು ಎಂಜಿನ್ ಚಾಲೂ ಮಾಡಿದೆ. ಕನ್ನಡಿಯಲ್ಲಿ ನೋಡಿದೆ. ಎದೆಮಟ್ಟದ ನೀರಲ್ಲಿ ಪೈಲ್ವಾನ ಬಂಪರ್ ಹಿಡಿದು ಜಗ್ಗುತ್ತಿದ್ದ. ಪಾಪ ಎನಿಸಿತು. ಗಾಡಿ ಮಾತ್ರ ನಿಲ್ಲಿಸಲಿಲ್ಲ.

ಮರುದಿನ ಹನ್ನೊಂದಕ್ಕೆ ಸರಿಯಾಗಿ ವಿನೋದಿನಿ ಕಟಕಟೆ ಹತ್ತಿದಳು. ಕಂಡದ್ದನ್ನು ಕಂಡ ಹಾಗೆ ಹೇಳಿದಳು.

ಸೇಠ್ ಕೋರ್ಟಿಗೆ ಬಂದದ್ದು ಟ್ಯಾಕ್ಸಿಯಲ್ಲಿ.