ಕೊನೆ ಹೇಳಬಾರದು

ಅವಳು ಮೊದಲ ಸಲ ಅವನನ್ನು ಮಾತಾಡಿಸಿದ್ದೇ ಜಗಳಕ್ಕೆ.

"ನೀವು ಪುಸ್ತಕ ಓದ್ತೀರೋ, ಪುಸ್ತಕಕ್ಕೆ ಕೈ ಒರೆಸ್ಕೋತೀರೋ?" ಅನ್ನುತ್ತ ಲೈಬ್ರರಿಯ ಕಾದಂಬರಿಯನ್ನು ಅವನ ಮೂಗಿನ ಮುಂದೆ ಬಿಚ್ಚಿ ಹಿಡಿದಳು. ಪುಟದ ಮೂಲೆಯಲ್ಲಿ ಅವನ ಹೆಬ್ಬೆರಳು ಠಸ್ಸೆ ಒತ್ತಿದ ಹಾಗೆ ಕಪ್ಪಗೆ ಕೂತಿತ್ತು.

ಅವನು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಕೆಲಸದವನು. ಹೈಸ್ಕೂಲಿನ ಬಾಗಿಲು ಕಾಣುವ ಮೊದಲೇ ಶಾಲೆಗೆ ಕೈಮುಗಿದವನು. ಎಷ್ಟು ಸೋಪು ತಿಕ್ಕಿದರೂ ಉಗುರಿನ ಸಂದಿಯ ಎಣ್ಣೆ ಬಿಡುತ್ತಿರಲಿಲ್ಲ. ಸಿಟ್ಟಂತೂ ಸದಾ ಮೂಗಿನ ತುದಿಯಲ್ಲೇ.

"ಕಲೆ ಇರೋ ಪುಟ ಬಿಟ್ಟು ಓದ್ಕೊಳ್ಳಿ," ಅಂದ.

"ಬಿಟ್ರೆ ಕಥೇನೇ ಉಳಿಯಲ್ಲ. ಮೊದಲಿಂದ ಕೊನೇತನಕ ನೀವೇ ಇದ್ದೀರಲ್ಲ!"

ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು. ಅವತ್ತಿನಿಂದ ಅವನ ಹೆಸರು ಗ್ರೀಸ್.

ಭಾನುವಾರ ಸಂಜೆ ಲೈಬ್ರರಿಯ ಮಹಡಿಯಲ್ಲಿ ಒಂದಷ್ಟು ಜನ ಸೇರಿ, ಈಚೆಗೆ ಓದಿದ ಕಾದಂಬರಿ ಹೇಗಿತ್ತು ಅಂತ ಹರಟುತ್ತಿದ್ದರು. ವಿಮರ್ಶೆ ಗಿಮರ್ಶೆ ಏನಲ್ಲ. ಅತ್ತೆ ಪಾತ್ರ ಸೂಪರ್, ನಡುವೆ ಸ್ವಲ್ಪ ಎಳೆದಿದ್ದಾರೆ, ಅಷ್ಟೇ. ನಿಯಮ ಒಂದೇ: ಕೊನೆ ಹೇಳಬಾರದು. ಬಾಯಿಬಿಟ್ಟವರು ಅವತ್ತು ಎಲ್ಲ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಬೇಕು.

ಅಲ್ಲಿಗೆ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಮುನ್ನುಡಿಯಷ್ಟನ್ನೇ ಓದಿ, ಕೇಳುವವರ ತಲೆ ತಿನ್ನುತ್ತಿದ್ದರು. ಗ್ರೀಸ್ ಅವರಿಗೆ ಮುನ್ನುಡಿ ಮೇಷ್ಟ್ರು ಅಂತ ಹೆಸರಿಟ್ಟಿದ್ದ. "ಸಾರ್, ಒಳಗೂ ಪುಟಗಳಿವೆ, ಗೊತ್ತಾ?" ಅಂತ ಎಲ್ಲರೆದುರೇ ಕಾಲೆಳೆಯುತ್ತಿದ್ದ. ಓದದೆ ಮಾತಾಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮಹಡಿಯಲ್ಲಿ ಕಿಟಕಿಯ ಪಕ್ಕದ ಕುರ್ಚಿ ಯಾವಾಗಲೂ ಅವಳದೇ. ಎದುರಿನವರು ಮಾತಾಡುವಾಗ ಒಂದು ಕಣ್ಣು ಕಿರಿದು ಮಾಡಿ ನೋಡುವುದು ಅವಳ ಅಭ್ಯಾಸ. ಆ ಕಿರಿಗಣ್ಣು ತನ್ನ ಕಡೆ ತಿರುಗಿದರೆ ಗ್ರೀಸ್‌ಗೆ ಅರ್ಧ ವಾಕ್ಯದಲ್ಲೇ ಮಾತು ಮರೆತುಹೋಗುತ್ತಿತ್ತು.

ಒಂದು ದಿನ ಕಣ್ಣು ಮಂಜು ಅಂತ ನೆಪ ಹೂಡಿ ಅಂಗಡಿಗೇ ಹೋದ. ಕೆಳಗಿನ ಸಾಲು ಓದಿ ಅಂದಳು. ಬೇಕಂತಲೇ ತಪ್ಪು ಓದಿದ.

"ಸುಳ್ಳು ಹೇಳೋ ಕಾಯಿಲೆಗೆ ನಮ್ಮಲ್ಲಿ ಕನ್ನಡಕ ಇಲ್ಲ," ಅಂದಳು. ನಗು ತಡೆದುಕೊಂಡ ತುಟಿ ಒಂದೇ ಕಡೆ ಸೊಟ್ಟಗಾಯಿತು. ವಾರವೆಲ್ಲ ಲೇತ್ ಮುಂದೆ ನಿಂತು ಅವನು ಆ ಸೊಟ್ಟ ತುಟಿಯನ್ನೇ ನೆನೆದ.

ಆಮೇಲಾಮೇಲೆ ಅವನು ವಾಪಸು ಮಾಡಿದ ಪುಸ್ತಕವನ್ನೇ ಅವಳು ಒಯ್ಯತೊಡಗಿದಳು. "ಅಮ್ಮ ಸಾಯೋ ಪುಟದಲ್ಲಿ ಹೆಬ್ಬೆರಳು ಜೋರಾಗಿ ಒತ್ತಿದ್ದೀರಿ. ಅತ್ರಾ?" ಅಂತ ಕೇಳುವಳು.

"ಎಣ್ಣೆ ಜಾಸ್ತಿ ಇತ್ತು, ಅಷ್ಟೇ."

"ಹೂಂ. ಕಣ್ಣಲ್ಲೂ ಎಣ್ಣೆ."

ಹೀಗೇ ನಡೆದಿತ್ತು. ಇಬ್ಬರೂ ಕಥೆಯವರ ಪ್ರೀತಿಯ ಬಗ್ಗೆ ಬಾಯಿ ನೋಯುವಷ್ಟು ಮಾತಾಡಿದರು. ತಮ್ಮದರ ಬಗ್ಗೆ ಇಬ್ಬರದೂ ತುಟಿಪಿಟಕ್ ಇಲ್ಲ.

ಒಂದು ಭಾನುವಾರ ಅವಳು ಒಂದು ಹೊಸ ಕಾದಂಬರಿ ಕೊಟ್ಟಳು. "ಇದು ಲೈಬ್ರರಿದಲ್ಲ, ನನ್ನದು. ಇಲ್ಲಿ ಬೇರೆ ಯಾರೂ ಓದಿಲ್ಲ. ಮುಂದಿನ ವಾರ ಒಂದು ಪ್ರಶ್ನೆ ಕೇಳ್ತೀನಿ. ನಿಜ ಹೇಳಬೇಕು."

ಅವಳ ಪುಸ್ತಕ! ಸೀಮೆಎಣ್ಣೆಯಲ್ಲಿ ಕೈ ತೊಳೆದು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಓದಿದ. ಹೊಲಿಗೆಯ ಹುಡುಗಿ, ಅವಳನ್ನು ಪ್ರೀತಿಸುವ ಲಾರಿ ಡ್ರೈವರ್, ಬೇರೆ ಸಂಬಂಧ ತರುವ ಅಣ್ಣ. ಹುಡುಗಿ ಅಣ್ಣನೆದುರೇ ಆ ವರನ ಫೋಟೋ ಹರಿದು ಎಸೆದಾಗ ಗ್ರೀಸ್ ಶಿಳ್ಳೆ ಹೊಡೆದ. ಆದರೆ ಅದು ಅರ್ಧ ದಾರಿ. ಅಷ್ಟರಲ್ಲಿ ವರ್ಕ್‌ಶಾಪಿಗೆ ಅರ್ಜೆಂಟ್ ಆರ್ಡರ್ ಬಂತು. ಮನೆಗೆ ಬಂದು ಪುಸ್ತಕ ತೆರೆದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಭಾನುವಾರ ಬಂದೇಬಿಟ್ಟಿತು.

"ಕಥೆ ಹೇಳಲ್ಲ," ಅಂದಳು ಎಲ್ಲರ ಮುಂದೆ. ಆಮೇಲೆ ಗ್ರೀಸ್ ಕಡೆ ತಿರುಗಿದಳು. "ಆ ಹುಡುಗಿ ಮಾಡಿದ್ದು ಸರಿನಾ?"

ಓದಿ ಮುಗಿಸಿಲ್ಲ ಅಂದಿದ್ದರೆ ಆಗಿತ್ತು. ಆದರೆ ಎದುರಿಗೆ ಮುನ್ನುಡಿ ಮೇಷ್ಟ್ರು ಕೂತಿದ್ದರು, ಮೀಸೆಯಲ್ಲೇ ನಗುತ್ತ.

"ನೂರಕ್ಕೆ ನೂರು ಸರಿ," ಅಂದ ಗ್ರೀಸ್, ಹರಿದ ಫೋಟೋ ನೆನೆದು. "ಅಂಥ ನಿರ್ಧಾರ ಮಾಡಿದಮೇಲೆ ಹಿಂದೆ ತಿರುಗಿ ನೋಡಬಾರದು."

ಅವಳ ಕಣ್ಣು ಕಿರಿದಾಗಲಿಲ್ಲ. ಪುಸ್ತಕ ಇಸಿದುಕೊಂಡು ಬ್ಯಾಗಿಗೆ ಹಾಕಿ ಹೊರಟಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅವಳ ಮದುವೆ ಗೊತ್ತಾಯಿತಂತೆ ಎಂದವರು ಲೈಬ್ರರಿಯ ಮೇಡಂ.

ಅಷ್ಟರಲ್ಲಿ ಆ ಕಾದಂಬರಿ ಲೈಬ್ರರಿಗೂ ಬಂದಿತ್ತು. ಊಟದ ಬಿಡುವಿನಲ್ಲಿ ಲೇತ್ ಪಕ್ಕ ಕೂತು ಉಳಿದರ್ಧ ಓದಿದ. ಕೊನೆಗೆ ಹುಡುಗಿ ಸೋತು, ಅಣ್ಣ ತಂದ ವರನ ಜೊತೆಗೇ ಹೊರಡುತ್ತಾಳೆ. ಡ್ರೈವರ್ ನೋಡುತ್ತ ನಿಲ್ಲುತ್ತಾನೆ. ಬೇಡ ಅನ್ನುವುದಿಲ್ಲ.

ಗ್ರೀಸ್ ಮೈಮೇಲಿನ ಕೆಲಸದ ಬಟ್ಟೆಯಲ್ಲೇ ಕನ್ನಡಕದ ಅಂಗಡಿಗೆ ಓಡಿದ.

"ನಾನು ಪೂರ್ತಿ ಓದಿರಲಿಲ್ಲ. ಫೋಟೋ ಹರಿಯೋ ತನಕ ಮಾತ್ರ. ಅದಕ್ಕೇ ಸರಿ ಅಂದೆ."

ಅವಳ ಕೈಯಲ್ಲಿದ್ದ ಕಣ್ಣು ಪರೀಕ್ಷೆಯ ಗಾಜು ಪೆಟ್ಟಿಗೆಯೊಳಗೆ ಟಕ್ಕೆಂದು ಬಿತ್ತು. "ಮನೆಗೆ ಹೋಗಿ ಪುಟಪುಟ ತಿರುವಿ ನೋಡಿದೆ, ಎಲ್ಲಾದ್ರೂ ಹೆಬ್ಬೆರಳು ಒತ್ತಿದ್ದೀರಾ ಅಂತ. ಒಂದೂ ಕಲೆ ಇರಲಿಲ್ಲ."

"ನಿಮ್ಮ ಪುಸ್ತಕ ಅಂತ ಕೈ ತೊಳೆದು ಓದಿದ್ದೆ."

"ಇಷ್ಟು ದಿನ ಕೊಳೆ ಕೈಯಲ್ಲಿ ಓದಿ ನನ್ನ ಪ್ರಾಣ ತಿಂದ್ರಿ. ನಾನು ಕಲೆ ಹುಡುಕೋ ದಿನ ತೊಳ್ಕೊಂಡ್ರಿ." ನಕ್ಕಳು. ತುಟಿ ಸೊಟ್ಟಗಾಗಲಿಲ್ಲ. "ಸಂಬಂಧ ತಂದ ಚಿಕ್ಕಮ್ಮನಿಗೆ ಹೂಂ ಅಂದಾಯ್ತು. ಬೇಡ ಅನ್ನೋಕೆ ಒಂದು ಕಾರಣ ಬೇಕಿತ್ತು ನನಗೆ. ನಿಮ್ಮನ್ನ ಕೇಳಿದೆ. ನೂರಕ್ಕೆ ನೂರು ಅಂದ್ರಿ."

"ಪುಸ್ತಕ ಕೊಟ್ಟು ಕೇಳೋದಾ ಇದನ್ನ? ನೇರ ಕೇಳೋಕೆ ಬಾಯಿರಲಿಲ್ವಾ ನಿನಗೆ?"

"ನಿನಗಿತ್ತಾ?"

ಎಷ್ಟೋ ದಿನದಿಂದ ಇಬ್ಬರೂ ಕಾದಿದ್ದ ಏಕವಚನ ಕೊನೆಗೂ ಬಂದಿತ್ತು, ಬೈಗುಳದ ಹಾಗೆ.

"ಹೋಗಬೇಡ," ಅಂದ.

"ತಡ ಆಯ್ತು. ಮಾತು ಕೊಟ್ಟಿದ್ದೀನಿ. ನೀನಂತೂ ಓದದೇ ಮಾತಾಡ್ತೀಯ. ನನಗೆ ಹಾಗೆ ಬರಲ್ಲ." ಬಾಗಿಲಲ್ಲಿ ಯಾರೋ ಅಜ್ಜಿ ಬಂದು ನಿಂತಿದ್ದರು. ಅವಳು ಕಣ್ಣು ಒರೆಸಿಕೊಂಡು, "ಬನ್ನಿ ಅಜ್ಜಿ, ಕೂತ್ಕೊಳ್ಳಿ," ಅಂದಳು.

ಆ ಭಾನುವಾರ ಮೇಷ್ಟ್ರ ಕೈಯಲ್ಲಿ ಅದೇ ಕಾದಂಬರಿ ಇತ್ತು. "ನೋಡಪ್ಪಾ ಗ್ರೀಸ್, ನಿನ್ನ ಮಾತು ಕೇಳಿ ಈ ಸಲ ಒಳಗಿನ ಪುಟಾನೂ ಓದ್ತಿದ್ದೀನಿ. ಇನ್ನು ಸ್ವಲ್ಪ ಉಳಿದಿದೆ. ಕೊನೆ ಮಾತ್ರ ಹೇಳಬೇಡ."

"ಹೋಗಿಬಿಡ್ತಾಳೆ ಸಾರ್," ಅಂದ ಗ್ರೀಸ್. "ಅವನು ನೋಡ್ತಾ ನಿಂತಿರ್ತಾನೆ, ದಡ್ಡ ನನ್ಮಗ. ಅಷ್ಟೇ ಕಥೆ."

ಎಲ್ಲರೂ ಹೋ ಎಂದು ಕೂಗಿದರು. ಮೇಷ್ಟ್ರ ಮುಖ ಸಪ್ಪಗಾಯಿತು. ಜನ ಇಳಿದು ಹೋದಮೇಲೆ ಗ್ರೀಸ್ ಒಂದೊಂದೇ ಕುರ್ಚಿಯನ್ನು ಫಟಾರೆಂದು ಮಡಚಿ ಗೋಡೆಗೆ ಎಸೆದ.

ಕಿಟಕಿಯ ಪಕ್ಕದ್ದು ಮಾತ್ರ ಸದ್ದಾಗದ ಹಾಗೆ ಮಡಚಿದ. ಅದರ ಬೆನ್ನಿನ ಮೇಲೆ ಅವನ ಹೆಬ್ಬೆರಳು ಕಪ್ಪಗೆ ಮೂಡಿತು. ಒರೆಸಲು ಕೈ ಎತ್ತಿದವನು ಹಾಗೇ ಬಿಟ್ಟು ಮೆಟ್ಟಿಲಿಳಿದ.