ವರನದೇ ಅಡ್ಡಿ

2026ರ ಜನವರಿ 17, ಶನಿವಾರ, ಸಂಜೆ 5 ಗಂಟೆ 20 ನಿಮಿಷ. ಕಾಪು ದೀಪಸ್ತಂಭದ ಬಂಡೆಯ ಮೇಲೆ ರಾಯ್‌ಸ್ಟನ್ ಕಡಲು ನೋಡುತ್ತ ಕುಳಿತಿದ್ದ. ನಾಲ್ಕೂವರೆಗೆ ಬರುತ್ತೇನೆಂದಿದ್ದ ಶರೋನ್ ಈಗ ಮೆಟ್ಟಿಲೇರಿ ಬಂದಳು. ಅವನು ತಿರುಗಲಿಲ್ಲ.

“ಟ್ರಾಫಿಕ್,” ಎಂದಳು.

“ಕಟಪಾಡಿಯಲ್ಲೋ, ಲ್ಯಾಬಿನಲ್ಲೋ?”

ಮಣಿಪಾಲದ ಲ್ಯಾಬೊಂದರಲ್ಲಿ ರೋಗಿಗಳ ರಕ್ತ ಪರೀಕ್ಷಿಸಿ, ಅದರಲ್ಲಿ ಯಾವ ಸೋಂಕು ಬೆಳೆಯುತ್ತಿದೆಯೆಂದು ಹೇಳುವುದು ಅವಳ ಕೆಲಸ. ಸಹೋದ್ಯೋಗಿ ಅಶ್ವಿನಿ ಬರೆದ ರಿಪೋರ್ಟನ್ನೂ ತಾನೇ ಮತ್ತೊಮ್ಮೆ ನೋಡದೆ ಹೊರಗೆ ಬಿಡುವವಳಲ್ಲ. ಬೆಳಿಗ್ಗೆಯೂ ಹಾಗೇ ಆಗಿತ್ತು. ಮದುವೆಯ ಕೆಂಪು ಸೀರೆಯಾದ ಸಾಡೊ ಆರಿಸಲು ರಾಯ್‌ಸ್ಟನ್ ಮನೆಯವರು ಉಡುಪಿಯ ಅಂಗಡಿಯಲ್ಲಿ ಕಾದೇ ಕಾದರು. ಅವಳು ಹೋಗಲೇ ಇಲ್ಲ.

“ಅಮ್ಮ ಎಂತ ಮಾಡಿದರು ಗೊತ್ತುಂಟಾ? ಅಂಗಡಿಯ ಗೊಂಬೆಗೆ ಸಾಡೊ ಉಡಿಸಿ ನೋಡಿದರು. ಗೊಂಬೆ ಒಳ್ಳೆಯದು ಮಾರಾಯ್ತಿ. ಫೋನ್ ಬಂತು ಅಂತ ಓಡುವುದಿಲ್ಲ.”

ಅವಳಿಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡಳು.

“ನಾಳೆ ಇಗರ್ಜಿಯ ಪೂಜೆಯಲ್ಲಿ ಫಾದರ್ ನಮ್ಮ ಹೆಸರು ಓದುತ್ತಾರೆ. ಈ ಮದುವೆಗೆ ಅಡ್ಡಿ ಇದ್ದವರು ತಿಳಿಸಿ ಅಂತ ಕೇಳುತ್ತಾರೆ. ಅಡ್ಡಿ ನನಗೇ ಉಂಟು, ಶರೋನ್. ಆರು ಗಂಟೆಗೆ ಹೋಗಿ, ಸದ್ಯಕ್ಕೆ ಓದಬೇಡಿ ಅಂತ ಹೇಳಿ ಬರುತ್ತೇನೆ.”

ಕೆಳಗೆ ಅಲೆಯೊಂದು ಬಂಡೆಗೆ ಅಪ್ಪಳಿಸಿತು. ಹೆಸರು ಮೂರು ಭಾನುವಾರ ಓದಬೇಕು. ನಾಳೆಯದು ತಪ್ಪಿದರೆ ಗೊತ್ತಾದ ದಿನ ಕೈತಪ್ಪುತ್ತದೆ, ಬೇರೆ ದಿನ ಹುಡುಕುವಷ್ಟರಲ್ಲಿ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಬಂದುಬಿಡುತ್ತದೆ. ಆಗ ಮದುವೆಗಳಿಲ್ಲ, ಈಸ್ಟರ್ ಕಳೆಯಬೇಕು. ಅಷ್ಟು ದೂರ ತಳ್ಳಿದ್ದು ಮತ್ತೆ ಹತ್ತಿರ ಬಂದೀತೆಂಬ ಧೈರ್ಯ ಅವಳಿಗಿರಲಿಲ್ಲ.

“ನಾನು ಕೆಲಸ ಬಿಡಬೇಕಾ?”

“ಬಿಡು ಅಂದೆನಾ? ನಿನ್ನ ಕೆಲಸದಿಂದ ಜನ ಬದುಕುತ್ತಾರೆ. ಕಾರ್ಕಳದ ಕ್ವಾರಿಯಲ್ಲಿ ಮೆಷಿನ್ ನೋಡಿಕೊಳ್ಳುವವನು ನಾನು. ಶನಿವಾರ ಜೊತೆಗೆ ಕೆಲಸ ಮಾಡುವ ಹನುಮೇಶನಿಗೆ ಒಪ್ಪಿಸಿ ಬರುವುದಿಲ್ವಾ? ನೀನು ಯಾರನ್ನೂ ನಂಬುವುದಿಲ್ಲ. ಅಶ್ವಿನಿಯನ್ನೇ ನಂಬದವಳು ನನ್ನನ್ನು ನಂಬಿ ಹೇಗೆ ಬದುಕುತ್ತೀ?”

ಅವಳ ಫೋನ್ ಬಡಿದುಕೊಂಡಿತು. ಅಶ್ವಿನಿ.

ರಾಯ್‌ಸ್ಟನ್ ಎದ್ದು ಪ್ಯಾಂಟಿನ ಧೂಳು ಕೊಡವಿದ. “ಹೋಗು. ನಾನೂ ಇಗರ್ಜಿಗೆ ಹೊರಟೆ.”

ಶರೋನ್ ಅವನ ಅಂಗಿಯ ತುದಿ ಹಿಡಿದುಕೊಂಡೇ ಫೋನ್ ಎತ್ತಿದಳು.

“ಮೇಡಂ, ಐಸಿಯು ಸ್ಯಾಂಪಲ್ ಪಾಸಿಟಿವ್ ಬಂದೈತ್ರಿ. ನೀವು ಬರೋತನಕ ಕಾಯ್ಲೇನ್ರಿ?”

“ಸ್ಲೈಡಿನಲ್ಲಿ ಎಂತ ಕಂಡಿತು?”

ಅಶ್ವಿನಿ ಹೇಳಿದಳು. ಸರಿಯೋ ತಪ್ಪೋ ನೋಡಲು ಶರೋನಳ ಕಣ್ಣೆದುರು ಸ್ಲೈಡ್ ಇರಲಿಲ್ಲ. ಇದ್ದದ್ದು ಅಶ್ವಿನಿಯ ಸ್ವರ ಮಾತ್ರ. ಅದರಲ್ಲಿ ಅಳುಕಿರಲಿಲ್ಲ.

“ಕಾಯಬೇಡ. ಡಾಕ್ಟರಿಗೆ ಈಗಲೇ ಹೇಳು. ಸಹಿ ಹಾಕುವ ಅಧಿಕಾರ ನಿನಗೂ ಉಂಟಲ್ಲ, ಹಾಕು. ನಾನು ಸೋಮವಾರ ಬರುತ್ತೇನೆ.”

“ಖರೇನಾ ಮೇಡಂ?”

“ಖರೆ.”

ಅವಳು ಫೋನನ್ನು ಬ್ಯಾಗಿಗೆ ಹಾಕಿದಳು. “ನನಗೆ ಹೆದರಿಕೆ, ರಾಯ್‌ಸ್ಟನ್. ನಾನಿಲ್ಲದೆಯೂ ಅಲ್ಲಿ ಎಲ್ಲ ನಡೆಯುತ್ತದೆ ಅಂತಾದರೆ ನಾನು ಯಾರು?”

“ನೀನಿಲ್ಲದೆ ನಡೆಯದವನು ಒಬ್ಬ ಉಂಟು. ಅವನನ್ನು ನೋಡಲು ನಿನಗೆ ಪುರುಸೊತ್ತಿಲ್ಲ.”

“ಈಗ ಉಂಟು. ಫಾದರ್ ನಾಳೆ ಓದಲಿ, ಅಲ್ವಾ?”

“ಓದಲಿ,” ಎಂದ ಅವನು. ಸ್ವರ ಎಂದಿನಂತೆ ಶಾಂತವಾಗಿತ್ತು.

ಅವಳಿಗೆ ಆ ಶಾಂತಿಯ ಮೇಲೆ ಅನುಮಾನ. ಅವನ ಮಣಿಕಟ್ಟಿಗೆ ಬೆರಳಿಟ್ಟು, ವಾಚು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ನಾಡಿ ಬಡಿತ, ನಿಮಿಷಕ್ಕೆ 118.